ಪಾರಿತೋಷಕ ಯಾರ ಸೊತ್ತು?

ನಮ್ಮ ಶಾಲೆಗಳ ವಾರ್ಷಿಕೋತ್ಸವದ ವರದಿಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೆ ಅರ್ಧ ಪುಟ ಮೀಸಲು. ಕ್ರೀಡೆಗೆ ಒಂದೇ ವಾಕ್ಯ. ಪೋಷಕರಾದ ನಾವೂ ಅದನ್ನು ಪ್ರಶ್ನಿಸುವುದಿಲ್ಲ.

ಐರ್ಲೆಂಡಿನ ಲೆನ್‌ಸ್ಟರ್ ಪ್ರಾಂತ್ಯದಲ್ಲಿ ಶಾಲೆಗಳ ರಗ್ಬಿ ಕಪ್ ಪಂದ್ಯಾವಳಿ 1887ರಲ್ಲಿ ಆರಂಭವಾಯಿತು. ಮೊದಲ ವರ್ಷವೇ ಕಪ್ ಗೆದ್ದ ಬ್ಲ್ಯಾಕ್‌ರಾಕ್ ಕಾಲೇಜು, 1860ರಲ್ಲಿ ಪವಿತ್ರಾತ್ಮ ಸಭೆಯ ಫ್ರೆಂಚ್ ಗುರುಗಳು ಸ್ಥಾಪಿಸಿದ ಶಾಲೆ. ಅಂದಿನಿಂದ 60ಕ್ಕೂ ಹೆಚ್ಚು ಬಾರಿ ಅದು ವಿಜಯಿಯಾಗಿದೆ. ಇಷ್ಟು ದೀರ್ಘವಾದ ಯಶಸ್ಸು ಒಬ್ಬಿಬ್ಬರು ಪ್ರತಿಭಾವಂತರಿಂದ ಬರುವಂಥದ್ದಲ್ಲ. ಅಲ್ಲಿ ಕಿರಿಯರಿಗೂ ಪ್ರತ್ಯೇಕ ಕಪ್ ಪಂದ್ಯಾವಳಿಯಿದೆ. ಚಿಕ್ಕಂದಿನಲ್ಲೇ ಅಂಗಳಕ್ಕಿಳಿದವನು ಬೆಳೆದು ಹಿರಿಯರ ತಂಡ ಸೇರುತ್ತಾನೆ.

ಅದು ಅನುಕೂಲಸ್ಥರ ಶಾಲೆ, ನಮಗೆಲ್ಲಿಯ ಹೋಲಿಕೆ ಎನ್ನಬಹುದು. ಹಾಗಾದರೆ ಒಡಿಶಾದತ್ತ ನೋಡೋಣ. ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಆದಿವಾಸಿ ಬಾಲಕರು 2007ರಲ್ಲಿ ಲಂಡನ್ನಿನಲ್ಲಿ ನಡೆದ 14 ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ರಗ್ಬಿ ಪಂದ್ಯಾವಳಿಯನ್ನು ಗೆದ್ದು ಬಂದರು. ಅವರಿಗೆ ದೊರೆತದ್ದು ಸಿರಿತನವಲ್ಲ. ಒಂದು ಅಂಗಳ, ಕಲಿಸುವವರು ಮತ್ತು ನಿತ್ಯದ ಅಭ್ಯಾಸ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಕ್ಕಳಿಗೆ ರಗ್ಬಿ ಅಪರಿಚಿತ. ಖೊಖೊ, ಕಬಡ್ಡಿ, ವಾಲಿಬಾಲ್ ಅಪರಿಚಿತವಲ್ಲ. ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟದವರೆಗೆ ಏರುವ ಮೆಟ್ಟಿಲುಗಳನ್ನು ಶಿಕ್ಷಣ ಇಲಾಖೆ ಇರಿಸಿದೆ. ಆದರೆ ಒಂಬತ್ತನೆಯ ತರಗತಿಯಲ್ಲಿ ತಂಡದ ಆಧಾರಸ್ತಂಭವಾಗಿದ್ದ ಹುಡುಗಿಯನ್ನು ಹತ್ತನೆಯ ತರಗತಿಗೆ ಬಂದೊಡನೆ ನಾವೇ ಮನೆಪಾಠಕ್ಕೆ ಕೂರಿಸುತ್ತೇವೆ. ವ್ಯಾಯಾಮದ ಅವಧಿಯನ್ನು ಗಣಿತ ನುಂಗುತ್ತದೆ. ಮರುವರ್ಷದ ಕಿರಿಯರಿಗೆ ಆಟ ಹೇಳಿಕೊಡುವ ಅಕ್ಕನೇ ಇರುವುದಿಲ್ಲ. ಪರಂಪರೆ ಕಡಿದುಹೋಗುವುದು ಹೀಗೆ.

ಪರೀಕ್ಷೆಯ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಬಡ ಕುಟುಂಬಕ್ಕೆ ಅಂಕಪಟ್ಟಿಯೇ ಆಸ್ತಿ ಎಂಬುದನ್ನು ಬಲ್ಲೆವು. ಆದರೆ ಸೋತವನ ಕೈಕುಲುಕುವುದನ್ನೂ, ತಾನು ಔಟಾದ ಮೇಲೆ ಸಂಗಡಿಗನಿಗಾಗಿ ಕೂಗಿ ಹುರಿದುಂಬಿಸುವುದನ್ನೂ ಯಾವ ಅಂಕಪಟ್ಟಿ ಕಲಿಸೀತು? ಸಂತ ಪೌಲರು ಕೊರಿಂಥದವರಿಗೆ ಸಂಯಮವನ್ನು ಬೋಧಿಸುವಾಗ ಓಟದ ಪಂದ್ಯವನ್ನೇ ನಿದರ್ಶನವಾಗಿ ಎತ್ತಿಕೊಂಡರು.

ನಮ್ಮ ಕೋರಿಕೆ ದೊಡ್ಡದಲ್ಲ. ಆಡಳಿತವರ್ಗವು ವ್ಯಾಯಾಮದ ಅವಧಿಯನ್ನು ವ್ಯಾಯಾಮಕ್ಕೇ ಉಳಿಸಲಿ. ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಬಳಿಕ ದೇವಾಲಯದ ಅಂಗಳ ಎಲ್ಲ ಮಕ್ಕಳಿಗೂ ತೆರೆದಿರಲಿ. ತಂದೆತಾಯಿಗಳಾದ ನಾವು ಹತ್ತನೆಯ ತರಗತಿಯ ಮಗುವಿಗೆ ದಿನಕ್ಕೊಂದು ಗಂಟೆ ಆಟ ಬಿಟ್ಟುಕೊಡೋಣ. ಪಾರಿತೋಷಕ ಬಂದರೆ ಸಂತೋಷ. ಬಾರದಿದ್ದರೂ ಅಂಗಳದಲ್ಲಿ ಬೆಳೆದ ಮಕ್ಕಳು ನಮ್ಮವರೇ.