ಎಣ್ಣೆ ಟಿನ್ನಿನ ಮೇಲೆ ರಕ್ತ ಕ್ಯಾನ್ಸರಿನ ಮಾತು ಬೇಡ



ಮುಹೂರ್ತಗಳ ಸೀಸನ್ ಶುರುವಾಗುವ ಮುನ್ನ ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಬೇಕಾಗಿದೆ. ಚೆನ್ನೈನ ನಮ್ಮ ಕೆಲವು ಅಡುಗೆ ಕಾಂಟ್ರಾಕ್ಟರುಗಳಿಗೆ ಈಚೆಗೆ ಎಣ್ಣೆ ವ್ಯಾಪಾರಿಯೊಬ್ಬರು ಕರಪತ್ರ ಹಂಚಿದ್ದಾರೆ. ಅವರ ಗಾಣದ ಅಗಸೆ ಎಣ್ಣೆಯಲ್ಲಿರುವ ಒಮೇಗಾ-3 ಕೊಬ್ಬಿನಾಮ್ಲವು ರಕ್ತದ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದಂತೆ. ಈ ಮಾತನ್ನು ಮೆನು ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ಎಲೆಯೊಂದಕ್ಕೆ ಎಷ್ಟು ಹೆಚ್ಚು ದರ ಕೇಳಬಹುದೆಂಬ ಲೆಕ್ಕವನ್ನೂ ಅವರೇ ಕೊಟ್ಟಿದ್ದಾರೆ.

ನಕ್ಕು ಬಿಟ್ಟುಬಿಡುತ್ತಿದ್ದೆವೋ ಏನೋ. ಆದರೆ ಕಳೆದ ತಿಂಗಳು ಮೈಲಾಪುರದಲ್ಲಿ ಒಂದು ಉಪನಯನದ ಆರ್ಡರ್ ಮಾತನಾಡಲು ಹೋದಾಗ ವಟುವಿನ ಅಜ್ಜಿ ನಮ್ಮನ್ನು ಪಕ್ಕಕ್ಕೆ ಕರೆದರು. ವಟುವಿನ ತಮ್ಮನಿಗೆ ಲ್ಯುಕೇಮಿಯಾ, ಚಿಕಿತ್ಸೆ ನಡೆಯುತ್ತಿದೆ. ಅವರ ಕೈಯಲ್ಲೂ ಅದೇ ಕರಪತ್ರ. "ಭಟ್ರೇ, ಖರ್ಚು ಎಷ್ಟಾದ್ರೂ ಆಗ್ಲಿ, ಎಲ್ಲಾನೂ ಇದೇ ಎಣ್ಣೇಲಿ ಮಾಡಿಬಿಡಿ. ಮಗು ತಿಂದ್ರೆ ಒಳ್ಳೇದಾಗುತ್ತೆ ತಾನೇ?" ಎಂದರು. ಹೌದು ಎಂದು ಹೇಳಿ ಅಡ್ವಾನ್ಸ್ ತೆಗೆದುಕೊಳ್ಳುವುದು ಬಹಳ ಸುಲಭವಾಗಿತ್ತು.

ಕರಪತ್ರದಲ್ಲಿರುವುದು ಪೂರ್ತಿ ಕಟ್ಟುಕಥೆಯಲ್ಲ. ತೊಂದರೆ ಇರುವುದೇ ಅಲ್ಲಿ. ಪ್ರಯೋಗಶಾಲೆಯಲ್ಲಿ ಲ್ಯುಕೇಮಿಯಾ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಮೀನೆಣ್ಣೆಯಲ್ಲಿ ಸಿಗುವ ಇಪಿಎ, ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳನ್ನು ಸೇರಿಸಿದಾಗ ಅವುಗಳ ಬೆಳವಣಿಗೆ ಕುಗ್ಗುವುದನ್ನು ಹಲವರು ಕಂಡಿದ್ದಾರೆ. 2011ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂದೀಪ್ ಪ್ರಭು, ರಾಬರ್ಟ್ ಪಾಲ್ಸನ್ ಮತ್ತು ಸಂಗಡಿಗರು ಇಪಿಎಯಿಂದ ಹುಟ್ಟುವ ಒಂದು ವಸ್ತುವನ್ನು ಲ್ಯುಕೇಮಿಯಾ ಇದ್ದ ಇಲಿಗಳಿಗೆ ಕೊಟ್ಟು, ರೋಗದ ಮೂಲದಲ್ಲಿರುವ ಕಾಂಡಕೋಶಗಳು ಸಾಯುವುದನ್ನು ತೋರಿಸಿದರು. ದೊಡ್ಡ ಕೆಲಸವೇ. ಆದರೆ ಗಮನಿಸಿ: ಕೊಟ್ಟದ್ದು ಇಲಿಗಳಿಗೆ, ಅದೂ ಚುಚ್ಚುಮದ್ದಾಗಿ. ಕೊಟ್ಟದ್ದು ಎಣ್ಣೆಯನ್ನಲ್ಲ. ಅಗಸೆ ಎಣ್ಣೆಯಲ್ಲಂತೂ ಇಪಿಎ ಇಲ್ಲವೇ ಇಲ್ಲ. ಇರುವುದು ಆಲ್ಫಾ ಲಿನೋಲೆನಿಕ್ ಆಮ್ಲ. ಅದರಲ್ಲಿ ಅಲ್ಪ ಭಾಗವನ್ನಷ್ಟೇ ನಮ್ಮ ದೇಹ ಇಪಿಎ ಆಗಿ ಬದಲಾಯಿಸಿಕೊಳ್ಳುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮೂಳೆಮಜ್ಜೆಯಲ್ಲಿ ಕೊಬ್ಬು ತುಂಬಿಕೊಂಡ ಕೋಶಗಳಿರುತ್ತವೆ. ಒಂದು ಬಗೆಯ ಲ್ಯುಕೇಮಿಯಾ ಕೋಶಗಳು ಆ ಕೊಬ್ಬನ್ನು ಕರಗಿಸಿಕೊಂಡು, ಅದರ ಕೊಬ್ಬಿನಾಮ್ಲವನ್ನೇ ಉಂಡು ಬೆಳೆಯುತ್ತವೆಂದು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದರು. ಅಂದರೆ ಕೊಬ್ಬಿನಾಮ್ಲ ಆ ಕೋಶಕ್ಕೆ ಒಂದು ಕಡೆ ವಿಷ, ಇನ್ನೊಂದು ಕಡೆ ಊಟ. ಕರಪತ್ರ ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಇನ್ನು ನಮ್ಮ ಬಾಣಲೆಯ ಮಾತು. ಒಮೇಗಾ-3 ಜಾತಿಯ ಕೊಬ್ಬಿನಾಮ್ಲದ ಸರಪಳಿಯಲ್ಲಿ ಹಲವು ದ್ವಿಬಂಧಗಳಿರುತ್ತವೆ. ಆಮ್ಲಜನಕ ಬಂದು ಅಂಟಿಕೊಳ್ಳುವುದು ಇಂಥ ಕಡೆಯೇ. ತಟ್ಟೆಯಲ್ಲಿನ ಕ್ಯಾನ್ಸರ್ ಕೋಶ ಸಾಯಲು ಒಂದು ಕಾರಣ, ಅದರೊಳಗೆ ಹೊಕ್ಕ ಈ ಆಮ್ಲ ಹೀಗೆ ಆಕ್ಸಿಡೀಕರಣಗೊಂಡು ಕೋಶವನ್ನು ಒಳಗಿಂದ ಕೆಡಿಸುವುದು. ಇದೇ ಗುಣದಿಂದಲೇ ಅಗಸೆ ಎಣ್ಣೆ ಬಹುಬೇಗ ಕಮಟು ಹಿಡಿಯುತ್ತದೆ. ಅದರಲ್ಲಿ ಹಪ್ಪಳ, ಬಾಳಕ, ಬೋಂಡಾ ಕರಿಯಲು ಹೊರಟರೆ ಕೋಶವನ್ನು ಕಾಣುವ ಮೊದಲೇ, ನಮ್ಮ ಒಲೆಯ ಮೇಲೆಯೇ ಆಕ್ಸಿಡೀಕರಣ ಮುಗಿದಿರುತ್ತದೆ. ಉಳಿಯುವುದು ಆಲ್ಡಿಹೈಡ್‌ಗಳಂಥ ಕೆಟ್ಟ ವಸ್ತುಗಳು. ನಮ್ಮ ಹಿರಿಯ ಅಡುಗೆಯವರು ಅಗಸೆಯನ್ನು ಚಟ್ನಿಪುಡಿಗಿಟ್ಟು, ಕರಿಯಲು ಕಡಲೆಕಾಯಿ ಎಣ್ಣೆ ಹಿಡಿದದ್ದು ಸುಮ್ಮನೆ ಅಲ್ಲ.

ಲ್ಯುಕೇಮಿಯಾ ಗುಣವಾಗುವುದು ಔಷಧದಿಂದ. ಅದಕ್ಕೆ ಸಾಕ್ಷಿ ನಮ್ಮ ಊರಿನಲ್ಲೇ ಇದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಆರಂಭವಾದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಡಾ. ಶಾಂತಾ ಅವರಿದ್ದ ಕಾಲದಲ್ಲಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ದೆಹಲಿಯ ಏಮ್ಸ್ ಜೊತೆಗೂಡಿ ಮಕ್ಕಳ ಲ್ಯುಕೇಮಿಯಾಕ್ಕೆ ಎಂಸಿಪಿ-841 ಎಂಬ ಔಷಧಕ್ರಮವನ್ನು 1980ರ ದಶಕದಲ್ಲಿ ಕೈಗೊಂಡಿತು. ಅದಕ್ಕೆ ಮುನ್ನ ಐದು ಮಕ್ಕಳಲ್ಲಿ ಒಂದು ಉಳಿದರೆ ಹೆಚ್ಚು ಎನ್ನುವಂತಿತ್ತು. ಆಮೇಲೆ ಉಳಿಯುವವರ ಪ್ರಮಾಣ ದುಪ್ಪಟ್ಟಿಗೂ ಮೀರಿತು. ಎಣ್ಣೆಯ ಮಾತು ನಂಬಿ ಒಂದು ಮನೆಯವರು ಔಷಧದಲ್ಲಿ ಸಡಿಲ ಬಿಟ್ಟರೆ ಆ ಪಾಪದಲ್ಲಿ ಮೆನು ಕಾರ್ಡ್ ಅಚ್ಚು ಹಾಕಿಸಿದವರ ಪಾಲೂ ಇರುತ್ತದೆ.

ಕಾನೂನೂ ಸುಮ್ಮನಿಲ್ಲ. ಆಹಾರದಿಂದ ರೋಗ ವಾಸಿಯಾಗುತ್ತದೆಂದು ಹೇಳಿಕೊಳ್ಳುವುದನ್ನು ಎಫ್‌ಎಸ್‌ಎಸ್‌ಎಐಯ 2018ರ ಜಾಹೀರಾತು ನಿಯಮಗಳು ತಡೆಯುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಅಚ್ಚು ಹಾಕಿಸಿದ ಕಾರ್ಡು ನಮ್ಮದಾದ ಮೇಲೆ ವ್ಯಾಪಾರಿ ಬಂದು ದಂಡ ಕಟ್ಟುವುದಿಲ್ಲ.

ಎಣ್ಣೆಯ ವಿಷಯದಲ್ಲಿ ನಾವು ನಿಜವಾಗಿ ಹೇಳಿಕೊಳ್ಳಬಹುದಾದದ್ದು ಬೇರೆ ಇದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ ಶೇಕಡಾ 25 ದಾಟಿದರೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಬರೆದಿಡಬೇಕು. ನಮ್ಮಲ್ಲಿ ಎಷ್ಟು ಜನ ಬರೆದಿಡುತ್ತೇವೆ? ಬೆಳಗಿನ ವಡೆಯ ಎಣ್ಣೆ ಸಂಜೆಯ ರಿಸೆಪ್ಷನ್ನಿಗೂ ಮರುದಿನದ ಪಲ್ಯದ ಒಗ್ಗರಣೆಗೂ ಹೋಗುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಅಗಸೆ ಎಣ್ಣೆಯ ಹೆಸರಿನಲ್ಲಿ ಕೇಳುವ ಹೆಚ್ಚಿನ ದರವನ್ನು ದಿನವೂ ಹೊಸ ಎಣ್ಣೆ ಹಾಕುತ್ತೇವೆಂದು ಹೇಳಿ, ಹಾಗೆಯೇ ಹಾಕಿ, ಕೇಳಿದರೆ ಕೊಡದ ಗ್ರಾಹಕರಿಲ್ಲ.

ಮೈಲಾಪುರದ ಅಜ್ಜಿಗೆ ನಾವು ಇಲ್ಲ ಎಂದೇ ಹೇಳಿದೆವು. ಎಣ್ಣೆಯ ಬಗ್ಗೆ ಡಾಕ್ಟರನ್ನು ಕೇಳಿ, ಮಗುವಿನ ಊಟದ ಬಗ್ಗೆ ಅವರು ಹೇಳಿದ್ದನ್ನು ನಮಗೆ ಬರೆದುಕೊಡಿ ಎಂದೆವು. ಎರಡು ದಿನ ಬಿಟ್ಟು ಚೀಟಿ ಬಂತು. ಎಣ್ಣೆಯ ಸುದ್ದಿಯೇ ಅದರಲ್ಲಿರಲಿಲ್ಲ. ಚಿಕಿತ್ಸೆಯಿಂದ ಬಿಳಿ ರಕ್ತಕಣ ಕಡಿಮೆಯಾಗಿರುವುದರಿಂದ ಸೋಂಕು ತಗಲಬಾರದು. ಕೋಸಂಬರಿ, ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣು ಬೇಡ. ಕುದಿಸಿ ಆರಿಸಿದ ನೀರು, ಆಗತಾನೇ ಬೇಯಿಸಿದ ಬಿಸಿ ಊಟ. ಉಪನಯನದ ದಿನ ಒಬ್ಬ ಅಡುಗೆಯವರನ್ನು ಬೇರೆ ಒಲೆಗೆ ಹಾಕಿ, ಹೊಸ ಪಾತ್ರೆಯಲ್ಲಿ ಇಡ್ಲಿ, ಹೆಸರುಬೇಳೆ ತೊವ್ವೆ, ಅನ್ನ ಮಾಡಿಸಿದೆವು. ಹುಡುಗ ಎರಡು ಸಲ ತೊವ್ವೆ ಹಾಕಿಸಿಕೊಂಡ. ಅದಕ್ಕೆ ಬಿಲ್ಲು ಹಾಕಲಿಲ್ಲ.