ಐವರು ಅಣ್ಣತಮ್ಮಂದಿರು, ಒಂದೇ ಹೆಸರು



ಬೇಸಿಗೆಯ ರಜೆಗೆಂದು ಬಂದಿದ್ದ ಮೊಮ್ಮಗ ಇಲ್ಲಿದ್ದ ಹದಿನೈದು ದಿನವೂ ಒಂದೇ ಕೆಂಪು ಅಂಗಿಯನ್ನು ಒಗೆಸಿ ಒಗೆಸಿ ತೊಟ್ಟುಕೊಂಡ. ಅದು ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಂಗಿಯಂತೆ. ಆ ತಂಡವನ್ನು ಕಟ್ಟಿದ ಮಹಾಪುರುಷನ ಹೆಸರು ಬಿಲ್ ಶ್ಯಾಂಕ್ಲಿ ಎಂದು ಅವನೇ ನನಗೆ ಪಾಠ ಹೇಳಿದ. ಮೂವತ್ತು ವರ್ಷಗಳಿಗೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದವನಿಗೆ ಹೆಸರು ಸಿಕ್ಕರೆ ಸುಮ್ಮನಿರಲಾಗುವುದಿಲ್ಲ; ಊರು ಯಾವುದು, ಮನೆತನ ಯಾವುದು ಎಂದು ಕೆದಕಲು ಹೊರಟೆ. ಕೆದಕಿದಷ್ಟೂ ನನ್ನ ಗಮನ ಬಿಲ್‌ನಿಂದ ಸರಿದು ಅವನ ಅಣ್ಣಂದಿರ ಕಡೆಗೆ ಹರಿಯಿತು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಸ್ಕಾಟ್ಲೆಂಡಿನ ಏರ್‌ಷೈರ್ ಸೀಮೆಯಲ್ಲಿ ಗ್ಲೆನ್‌ಬಕ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯೊಂದಿತ್ತು. ‘ಇತ್ತು’ ಎಂದು ಬೇಕೆಂದೇ ಬರೆದಿದ್ದೇನೆ. ಗಣಿ ಮುಚ್ಚಿದ ಮೇಲೆ ಜನ ಚದುರಿದರು, ಇಂದು ಅಲ್ಲಿ ಊರೆನ್ನುವಂಥದು ಉಳಿದಿಲ್ಲ. ಆದರೆ ಅಷ್ಟು ಚಿಕ್ಕ ಊರಿನಿಂದ ಅರ್ಧ ಶತಮಾನದೊಳಗೆ ಸುಮಾರು ಐವತ್ತು ಮಂದಿ ವೃತ್ತಿಪರ ಕಾಲ್ಚೆಂಡಾಟಗಾರರು ಹೊರಬಂದರು. ಊರಿನ ತಂಡದ ಹೆಸರು ಗ್ಲೆನ್‌ಬಕ್ ಚೆರ್ರಿಪಿಕರ್ಸ್. ಅದೇ ಊರಿನ ಜಾನ್ ಮತ್ತು ಬಾರ್ಬರಾ ಶ್ಯಾಂಕ್ಲಿ ದಂಪತಿಗಳಿಗೆ ಹತ್ತು ಮಕ್ಕಳು. ಐವರು ಹೆಣ್ಣು, ಐವರು ಗಂಡು. ಅಲೆಕ್, ಜಿಮ್ಮಿ, ಜಾನ್, ಬಾಬ್, ಬಿಲ್ ಎಂಬ ಆ ಐವರು ಗಂಡುಮಕ್ಕಳೂ ಕಾಲ್ಚೆಂಡಾಟವನ್ನೇ ವೃತ್ತಿ ಮಾಡಿಕೊಂಡರು.

ಇದನ್ನು ಕೇಳಿದ ಕೂಡಲೆ ‘ರಕ್ತದಲ್ಲೇ ಬಂದದ್ದು’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಇದು ಸೋಮಾರಿಗಳ ತೀರ್ಪು ಎಂದೇ ನನ್ನ ಭಾವನೆ. ರಕ್ತದ ಪಾಲು ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಈ ಮನೆತನದ ಕಥೆಯಲ್ಲಿ ರಕ್ತಕ್ಕಿಂತ ಸ್ಪಷ್ಟವಾಗಿ ಕಾಣಿಸುವುದು ಒಬ್ಬರು ತೆರೆದ ಬಾಗಿಲಿನಿಂದ ಇನ್ನೊಬ್ಬರು ನಡೆದುಹೋದದ್ದು. ತಾಯಿ ಬಾರ್ಬರಾಳ ಸೋದರರಿಬ್ಬರೂ, ಅಂದರೆ ಈ ಹುಡುಗರ ಸೋದರಮಾವಂದಿರು, ಮೊದಲೇ ಆಟಗಾರರಾಗಿದ್ದರು. ರಾಬರ್ಟ್ ಬ್ಲೈತ್ ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ತಂಡದಲ್ಲಿ ಆಡಿ, ಮುಂದೆ ಅದರ ಅಧ್ಯಕ್ಷನೂ ಆದ. ಜಿಮ್ಮಿಯೂ ಜಾನ್ ಕೂಡ ಅದೇ ಪೋರ್ಟ್ಸ್‌ಮತ್ತಿನಲ್ಲಿ ಆಡಿದ್ದು ಕಾಕತಾಳೀಯವಲ್ಲ. ಇನ್ನೊಬ್ಬ ಮಾವ ವಿಲಿಯಂ ಬ್ಲೈತ್ ಗಡಿಯ ಪಟ್ಟಣ ಕಾರ್ಲೈಲಿನ ತಂಡದಲ್ಲಿ ನಿರ್ದೇಶಕನಾಗಿದ್ದ. ಬಿಲ್‌ಗೆ 1932ರಲ್ಲಿ ಮೊದಲ ಕೆಲಸ ಸಿಕ್ಕಿದ್ದು ಕಾರ್ಲೈಲಿನಲ್ಲಿ! ಸೋದರಮಾವನ ಋಣ ನಮ್ಮಲ್ಲಿ ಮಾತ್ರ ದೊಡ್ಡದೆಂದು ತಿಳಿದಿದ್ದೆ.

ಹಾಗೆಂದು ಬಾಗಿಲು ತೆರೆದದ್ದೇ ಸಾಕಾಯಿತು ಎಂದಲ್ಲ. ಒಳಗೆ ಹೋಗಲೇಬೇಕೆಂಬ ನೂಕು ಬೆನ್ನ ಹಿಂದೆ ಇತ್ತು, ಅದು ಗಣಿ. ಬಿಲ್ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಗಣಿಗೆ ಹೋದವನು. ಸುಮಾರು ಎರಡು ವರ್ಷದಲ್ಲಿ ಆ ಗಣಿಯೂ ಮುಚ್ಚಿ ನಿರುದ್ಯೋಗಿಯಾದ. ಸೆಲ್ಟಿಕ್ ತಂಡದ ಜಾಕ್ ಸ್ಟೀನ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ ಇಬ್ಬರೂ ಸ್ಕಾಟ್ಲೆಂಡಿನ ಗಣಿಗಳಲ್ಲಿ ಇದ್ದಿಲು ಅಗೆದು ಬಂದವರೇ. ಅವರೆಲ್ಲರ ರಕ್ತವೂ ಒಂದೇ ಆಗಿರಲಿಲ್ಲವಷ್ಟೆ.

ಹಿರಿಯವನಾದ ಅಲೆಕ್ ಏರ್ ಯುನೈಟೆಡ್ ಮತ್ತು ಕ್ಲೈಡ್ ತಂಡಗಳಿಗೆ ಆಡಿದ. ಜಿಮ್ಮಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸೌತ್‌ಎಂಡ್ ಯುನೈಟೆಡ್ ಪರವಾಗಿ 1928-29ರ ಲೀಗಿನಲ್ಲಿ ಅವನು 31 ಗೋಲು ಹೊಡೆದ. ಐದು ವರ್ಷಗಳ ನಂತರ, 1933-34ರಲ್ಲಿ, ಬ್ಯಾರೋ ತಂಡಕ್ಕೆ 39 ಗೋಲು. ಎರಡೂ ಆಯಾ ತಂಡಗಳ ದಾಖಲೆಯ ಪುಟ ಸೇರಿದ ಸಂಖ್ಯೆಗಳು. ಆದರೆ ಅವು ಕೆಳಗಿನ ದರ್ಜೆಯ ಲೀಗಿನ ಗೋಲುಗಳಾದ್ದರಿಂದ ಜಿಮ್ಮಿಯ ಹೆಸರು ಮೊಮ್ಮಗನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಜಾನ್‌ನದು ಮನಸ್ಸು ಕಲಕುವ ಕಥೆ. 1960ರ ಮೇ ತಿಂಗಳಲ್ಲಿ ಗ್ಲಾಸ್ಗೋದ ಹ್ಯಾಂಪ್ಡೆನ್ ಮೈದಾನದಲ್ಲಿ ಯುರೋಪಿಯನ್ ಕಪ್ ಅಂತಿಮ ಪಂದ್ಯ; ರಿಯಲ್ ಮ್ಯಾಡ್ರಿಡ್ ತಂಡ ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟನ್ನು 7-3ರಿಂದ ಸೋಲಿಸಿದ ಆ ಪ್ರಸಿದ್ಧ ಪಂದ್ಯವನ್ನು ನೋಡುತ್ತಿದ್ದಾಗಲೇ ಅವನಿಗೆ ಹೃದಯಾಘಾತವಾಗಿ, ಅಂದೇ ತೀರಿಕೊಂಡ.

ಉಳಿದವರು ಬಾಬ್ ಮತ್ತು ಬಿಲ್. ಬಾಬ್ 1910ರಲ್ಲಿ ಹುಟ್ಟಿದವನು, ಬಿಲ್ 1913ರಲ್ಲಿ. ಬಿಲ್ ಪ್ರೆಸ್ಟನ್ ತಂಡದೊಡನೆ 1938ರ ಎಫ್.ಎ. ಕಪ್ ಗೆದ್ದು, ಸ್ಕಾಟ್ಲೆಂಡಿಗಾಗಿ ಐದು ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ. ಯುದ್ಧ ಬಂದು ಅವನ ಅತ್ಯುತ್ತಮ ವರ್ಷಗಳನ್ನು ನುಂಗಿಬಿಟ್ಟಿತು. ಬಾಬ್ ಸ್ಕಾಟ್ಲೆಂಡಿನಲ್ಲಿಯೇ ಫಾಲ್ಕರ್ಕ್ ತಂಡದ ರಕ್ಷಣೆಯ ನಡುಗಂಬವಾಗಿ ಬಹುಕಾಲ ನಿಂತ. ಆಮೇಲೆ ಇಬ್ಬರೂ ಮ್ಯಾನೇಜರ್‌ಗಳಾದರು. 1959ರಲ್ಲಿ ಅಣ್ಣ ಡಂಡೀ ತಂಡಕ್ಕೆ ಬಂದ. ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ, ಆಗ ಎರಡನೆಯ ದರ್ಜೆಯಲ್ಲಿ ಕೊಳೆಯುತ್ತಿದ್ದ ಲಿವರ್‌ಪೂಲಿಗೆ.

1962ರ ಏಪ್ರಿಲ್ ತಿಂಗಳನ್ನು ನೆನೆಯಿರಿ. ಬಿಲ್‌ನ ಲಿವರ್‌ಪೂಲ್ ಎರಡನೆಯ ದರ್ಜೆಯನ್ನು ಗೆದ್ದು ಮೇಲಕ್ಕೇರಿತು. ಅದರ ಮುಂದಿನ ವಾರವೇ ಬಾಬ್‌ನ ಡಂಡೀ ತಂಡ ಸೇಂಟ್ ಜಾನ್‌ಸ್ಟನ್ ತಂಡವನ್ನು 3-0ರಿಂದ ಸೋಲಿಸಿ ಇಡೀ ಸ್ಕಾಟ್ಲೆಂಡಿನ ಚಾಂಪಿಯನ್ ಆಯಿತು. ಅಂದರೆ ಆ ವಸಂತದಲ್ಲಿ ‘ದೊಡ್ಡ ಶ್ಯಾಂಕ್ಲಿ’ ಬಾಬ್! ಡಂಡೀ ತನ್ನ ಇತಿಹಾಸದಲ್ಲಿ ಗೆದ್ದಿರುವ ಲೀಗ್ ಅದೊಂದೇ. ಆ ತಂಡದಲ್ಲಿ ಗಾರ್ಡನ್ ಸ್ಮಿತ್ ಎಂಬ ಮೂವತ್ತೇಳರ ಹಿರಿಯನೂ ಇದ್ದ. ಎಲ್ಲರೂ ಮುದುಕನೆಂದು ಕೈಬಿಡುವ ವಯಸ್ಸಿನಲ್ಲಿ ಅವನನ್ನು ನಂಬಿ ಆಡಿಸಿದವನು ಬಾಬ್. ಮರುವರ್ಷ ಯುರೋಪಿಯನ್ ಕಪ್‌ನಲ್ಲಿ ಕೊಲೋನ್ ತಂಡದ ಮೇಲೆ 8-1, ಸ್ಪೋರ್ಟಿಂಗ್ ಲಿಸ್ಬನ್ ಮೇಲೆ 4-1, ಆಂಡರ್ಲೆಕ್ಟ್ ಮೇಲೆ ಅವರ ನೆಲದಲ್ಲೇ 4-1 ಗೆಲುವು. ಸೆಮಿಫೈನಲ್‌ನಲ್ಲಿ ಮಾತ್ರ ಮಿಲಾನಿನ ಸಾನ್ ಸಿರೊ ಮೈದಾನದಲ್ಲಿ ಎ.ಸಿ. ಮಿಲಾನ್‌ಗೆ 5-1ರಿಂದ ಸೋತಿತು. ತವರಿನಲ್ಲಿ 1-0 ಗೆದ್ದದ್ದು ಸಾಲದಾಯಿತು.

ಎರಡು ವರ್ಷಗಳ ಬಳಿಕ, 1965ರಲ್ಲಿ, ತಮ್ಮ ಬಿಲ್ ಅದೇ ಸ್ಪರ್ಧೆಯ ಅದೇ ಸೆಮಿಫೈನಲ್ ತಲುಪಿದ. ತವರಿನಲ್ಲಿ ಇಂಟರ್ ಮಿಲಾನ್ ತಂಡವನ್ನು 3-1ರಿಂದ ಮಣಿಸಿ, ಅದೇ ಸಾನ್ ಸಿರೊದಲ್ಲಿ 3-0 ಸೋತ. ಅಣ್ಣ ಎಡವಿದ ಹೊಸ್ತಿಲಿನಲ್ಲೇ ತಮ್ಮನೂ ಎಡವಿದ. ಆ ಕಪ್ ಇಬ್ಬರಿಗೂ ದಕ್ಕಲಿಲ್ಲ.

ಹಾಗಾದರೆ ಒಬ್ಬನ ಹೆಸರು ಅಂಗಿ ತೊಟ್ಟ ಹುಡುಗರ ಬಾಯಲ್ಲಿ, ಇನ್ನೊಬ್ಬನದು ಕೆದಕಿದರೆ ಮಾತ್ರ ಸಿಗುವಂತೆ ಆದದ್ದೇಕೆ? ಬಿಲ್ ಮೂರು ಸಲ ಲೀಗ್, ಎರಡು ಸಲ ಎಫ್.ಎ. ಕಪ್, ಒಮ್ಮೆ ಯೂಇಎಫ್‌ಎ ಕಪ್ ಗೆದ್ದ; ಅದು ಸಣ್ಣ ಸಾಧನೆಯಲ್ಲ. ಆದರೆ ಅವನ ಬೆನ್ನಿಗೆ ಒಂದು ದೊಡ್ಡ ಬಂದರು ನಗರದ ಹಣವೂ ಜನವೂ ಇತ್ತು. 1961ರಲ್ಲಿ ಅವನು ಸ್ಕಾಟ್ಲೆಂಡಿನಿಂದ ಸೇಂಟ್ ಜಾನ್ ಮತ್ತು ಯೇಟ್ಸ್ ಎಂಬ ಇಬ್ಬರನ್ನು ಕೊಂಡು ತಂದ. ಯೇಟ್ಸ್ ಆಡುತ್ತಿದ್ದ ಡಂಡೀ ಯುನೈಟೆಡ್‌ನ ಮೈದಾನ ಅಣ್ಣನ ತಂಡದ ಮೈದಾನವಿದ್ದ ಬೀದಿಯಲ್ಲೇ ಇತ್ತು. ಅತ್ತ ಬಾಬ್ ಬೆಳೆಸಿದವರು ಒಬ್ಬೊಬ್ಬರಾಗಿ ದಕ್ಷಿಣಕ್ಕೆ ಮಾರಾಟವಾದರು: 1963ರಲ್ಲಿ ಯೂರ್ ಆರ್ಸೆನಲ್‌ಗೆ, 1964ರಲ್ಲಿ ಗಿಲ್ಝೀನ್ ಟಾಟನ್‌ಹ್ಯಾಮ್‌ಗೆ. ಒಬ್ಬ ಕೊಳ್ಳುವ ಊರಿನಲ್ಲಿದ್ದ, ಮತ್ತೊಬ್ಬ ಮಾರುವ ಊರಿನಲ್ಲಿದ್ದ. ಇದರ ಜೊತೆಗೆ ಬಿಲ್‌ಗೆ ಮಾತು ಒಲಿದಿತ್ತು, ಪತ್ರಿಕೆಯವರು ಅವನ ಮಾತಿಗೆ ಕಾದಿರುತ್ತಿದ್ದರು. ಇಷ್ಟೆಲ್ಲ ಬದಿಗಿಟ್ಟು ‘ತಮ್ಮ ಮೇಲು, ಅಣ್ಣ ಕಡಿಮೆ’ ಎಂದು ತೂಗುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಕಾರಣಕ್ಕೆ ಬರುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ಮದುವೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಲಿಗೆರಗಿ, ನಗುತ್ತಲೇ ಹೇಳಿದ: “ಸರ್, ನೀವು ಎಂಟನೇ ತರಗತಿಯಲ್ಲಿ ಹೇಳಿದ ಮಾತು ಇನ್ನೂ ನೆನಪಿದೆ. ‘ನಿಮ್ಮಣ್ಣ ಇದೇ ಬೆಂಚಿನಲ್ಲಿ ಕೂತು ಶಾಲೆಗೇ ಮೊದಲು ಬಂದ, ನೀನು ಆ ಬೆಂಚಿಗೆ ಅವಮಾನ’ ಎಂದಿದ್ದಿರಿ.” ನನಗೆ ಆ ಮಾತು ನೆನಪಿರಲಿಲ್ಲ. ಆದರೆ ಅದು ನನ್ನದೇ ಮಾತು, ಗುರುತು ಹತ್ತಿತು. ಎಷ್ಟು ಜನ ತಮ್ಮಂದಿರಿಗೆ, ತಂಗಿಯರಿಗೆ ಅದನ್ನು ಹೇಳಿದ್ದೇನೋ! ಅವನ ಅಣ್ಣ ಓದುವ ಹೊತ್ತಿನಲ್ಲಿ ತಂದೆಯ ಸಂಬಳವಿತ್ತು. ಇವನು ಎಂಟಕ್ಕೆ ಬರುವಾಗ ತಂದೆ ಇರಲಿಲ್ಲ, ಬೆಳಿಗ್ಗೆ ಮನೆಮನೆಗೆ ಹಾಲು ಹಾಕಿ ಶಾಲೆಗೆ ಬರುತ್ತಿದ್ದ. ಬೆಂಚು ಒಂದೇ ಆಗಿತ್ತು, ಮನೆ ಒಂದೇ ಆಗಿರಲಿಲ್ಲ. ಅದು ನನಗೆ ಆಗ ಗೊತ್ತಿತ್ತು ಕೂಡ. ಆದರೂ ಹೇಳಿದೆ.

ಅವನು ಇದನ್ನು ಓದುತ್ತಾನೆಂದು ಬಲ್ಲೆ. ಮದುವೆ ಮನೆಯ ಗದ್ದಲದಲ್ಲಿ ನಾನು ಸುಮ್ಮನೆ ನಕ್ಕು ಊಟಕ್ಕೆದ್ದೆ; ಕ್ಷಮಿಸು ಎಂದು ಅಲ್ಲೇ ಹೇಳಬೇಕಾಗಿತ್ತು, ಇಲ್ಲಿ ಹೇಳುತ್ತಿದ್ದೇನೆ.

ಐವರೂ ಒಟ್ಟಿಗೆ ಆಡಿದ್ದರೆ ಜಗತ್ತಿನ ಯಾವ ಐವರು ಅಣ್ಣತಮ್ಮಂದಿರನ್ನೂ ಸೋಲಿಸುತ್ತಿದ್ದೆವು ಎಂಬುದು ಬಿಲ್‌ನ ನಂಬಿಕೆಯಾಗಿತ್ತಂತೆ. ಆ ಲೆಕ್ಕದಲ್ಲಿ ಅವನು ಯಾರನ್ನೂ ಬಿಟ್ಟಿರಲಿಲ್ಲ. 1981ರಲ್ಲಿ ಬಿಲ್ ತೀರಿಕೊಂಡ, ಮರುವರ್ಷ ಬಾಬ್. ಲಿವರ್‌ಪೂಲಿನ ಮೈದಾನದಲ್ಲಿ ತಮ್ಮನ ಹೆಸರಿನ ಹೆಬ್ಬಾಗಿಲೂ ಪ್ರತಿಮೆಯೂ ಇವೆ. ಡಂಡೀಯ ಡೆನ್ಸ್ ಪಾರ್ಕಿನಲ್ಲಿ 1999ರಲ್ಲಿ ಕಟ್ಟಿದ ಪ್ರೇಕ್ಷಕರ ಗ್ಯಾಲರಿಯೊಂದಕ್ಕೆ ಅಣ್ಣನ ಹೆಸರಿಟ್ಟಿದ್ದಾರೆ. ಅದರ ಚಿತ್ರವನ್ನು ಮೊಮ್ಮಗನಿಗೆ ತೋರಿಸಿದೆ. “ಇವರು ಯಾರು ತಾತ?” ಎಂದು ಕೇಳಿದ. ಕುಳಿತುಕೋ, ಹೇಳುತ್ತೇನೆ ಎಂದೆ.