ಲಕ್ವ: ಒಂದು ಹೆಸರು, ಎರಡು ಕಾಯಿಲೆ

‘ಹಮ್ ಆಪ್ ಕೆ ಹೈ ಕೌನ್’ (1994) ಚಿತ್ರೀಕರಣದ ದಿನಗಳಲ್ಲಿ ಅನುಪಮ್ ಖೇರ್ ಅವರ ಮುಖದ ಒಂದು ಬದಿ ಸೋತುಹೋಯಿತು. ವೈದ್ಯರು ವಿಶ್ರಾಂತಿ ಹೇಳಿದರೂ ಅವರು ಸೆಟ್ಟಿಗೆ ಹೋದರು. ‘ಶೋಲೆ’ಯ ಧರ್ಮೇಂದ್ರರನ್ನು ಅಣಕಿಸುವ ಕುಡುಕನ ದೃಶ್ಯದಲ್ಲಿ ಆ ಸೊಟ್ಟ ಬಾಯಿ ನಟನೆಯೊಳಗೇ ಸೇರಿಕೊಂಡಿತು. ಅವರೇ ಹಲವು ಬಾರಿ ಹೇಳಿಕೊಂಡ ಕತೆಯಿದು. ಛಲ ಮೆಚ್ಚುವಂಥದ್ದೇ. ಆದರೆ ಕೇಳುವವರ ನೆನಪಿನಲ್ಲಿ ಛಲ ಉಳಿಯುತ್ತದೆ, ಕಾಯಿಲೆ ಯಾವುದೆಂಬುದು ಉಳಿಯುವುದಿಲ್ಲ.

ಮಾಟುಂಗದಿಂದ ಡೊಂಬಿವಲಿಯವರೆಗೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದಕ್ಕಿರುವ ಹೆಸರು ‘ಲಕ್ವ’. ಪಕ್ಕದ ಮನೆಯ ಹಿಂದಿ, ಮರಾಠಿಗಳಲ್ಲೂ ಆ ಪದವುಂಟು. ಮಿದುಳಿನ ರಕ್ತನಾಳ ಕಟ್ಟಿ ಕೈಕಾಲು ಬಿದ್ದರೂ ಲಕ್ವ, ಮುಖದ ನರವೊಂದೇ ಊದಿಕೊಂಡರೂ ಲಕ್ವ. ತಮಾಷೆಯೆಂದರೆ, ಅರಬ್ಬಿಯಿಂದ ಬಂದ ಈ ಪದಕ್ಕೆ ಯುನಾನಿ ವೈದ್ಯದಲ್ಲಿ ಮುಖ ಸೊಟ್ಟಗಾಗುವುದು ಎಂದಷ್ಟೇ ಅರ್ಥ. ಅರ್ಧ ದೇಹ ಬಿದ್ದರೆ ‘ಫಾಲಿಜ್’. ಸುಶ್ರುತನಲ್ಲೂ ‘ಅರ್ದಿತ’ ಬೇರೆ, ‘ಪಕ್ಷಾಘಾತ’ ಬೇರೆ. ಹಳಬರು ಬಿಡಿಸಿಟ್ಟದ್ದನ್ನು ಆಡುಮಾತು ಮತ್ತೆ ಕಲಸಿಬಿಟ್ಟಿದೆ.

ಮುಖದ ನರ ಕಿವಿಯ ಬಳಿಯ ಮೂಳೆಯೊಳಗಿನ ಇಕ್ಕಟ್ಟಾದ ಕೊಳವೆಯಲ್ಲಿ ಹಾದುಬರುತ್ತದೆ. ಅಲ್ಲಿ ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ಬೆಲ್ಸ್ ಪಾಲ್ಸಿ ಎಂದರೆ ಇದೇ. ಲೋಕಲ್ ರೈಲಿನ ಕಿಟಕಿಯ ಗಾಳಿಯನ್ನು ದೂರುವವರು ಬಹಳ. ವೈದ್ಯರ ಅನುಮಾನ ಮಾತ್ರ ಮೈಯಲ್ಲೇ ಅಡಗಿದ್ದ ಹರ್ಪಿಸ್ ವೈರಸ್ಸಿನ ಮೇಲೆ. ಕಣ್ಣು ಮುಚ್ಚದು, ಚಹಾ ಬಾಯಿಯ ಮೂಲೆಯಿಂದ ಸೋರುತ್ತದೆ, ನಾಲಿಗೆಯ ಮುಂಭಾಗದಲ್ಲಿ ಆ ಬದಿಗೆ ರುಚಿ ಹತ್ತದು, ಕೆಲವರಿಗೆ ರೈಲಿನ ಹಾರ್ನ್ ಕಿವಿಗೆ ಇರಿದಂತಾಗುತ್ತದೆ. ತುಟಿ ಸರಿಯಾಗಿ ಕೂಡದೆ ‘ಅಪ್ಪ’, ‘ಅಮ್ಮ’ ಕೂಡ ತೊಡರುತ್ತವೆ. ಇಡೀ ಪವರ್ಗಕ್ಕೇ ಪೆಟ್ಟು.

ಗುರುತು ಹಣೆಯಲ್ಲಿದೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾದರೂ ಹುಬ್ಬು ಸಾಮಾನ್ಯವಾಗಿ ಏರುತ್ತದೆ. ನರವೇ ಸೋತಿದ್ದರೆ ಆ ಬದಿಯ ಹಣೆಯಲ್ಲಿ ಗೆರೆ ಮೂಡದು. ಇದು ವೈದ್ಯರ ಪರೀಕ್ಷೆ, ಕನ್ನಡಿ ನೋಡಿಕೊಂಡು ಮನೆಯಲ್ಲೇ ಕೂರಲು ಪರವಾನಗಿಯಲ್ಲ.

ಏಕೆಂದರೆ ಎರಡಕ್ಕೂ ಗಡುವಿದೆ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆ. ಬೆಲ್ಸ್ ಪಾಲ್ಸಿಯಲ್ಲಿ ಪ್ರೆಡ್ನಿಸೊಲೋನ್ ಶುರುವಾಗಬೇಕಾದದ್ದು 72 ಗಂಟೆಯೊಳಗೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ಶೇ 94.4 ಮಂದಿ ಪೂರ್ತಿ ಗುಣವಾದರು. ತೆಗೆದುಕೊಳ್ಳದವರಲ್ಲಿ ಶೇ 81.6.

ಆ ಎರಡನೆಯ ಅಂಕಿಯಲ್ಲೇ ಮೋಸವಿರುವುದು. ಹತ್ತರಲ್ಲಿ ಎಂಟು ಮಂದಿ ತಾವಾಗಿಯೇ ಗುಣವಾಗುವ ಕಾಯಿಲೆಗೆ ಪಾರಿವಾಳದ ರಕ್ತ ಸವರಿದರೂ, ಎಣ್ಣೆ ತಿಕ್ಕಿದರೂ, ಹರಕೆ ಹೊತ್ತರೂ ಫಲ ಕಂಡೇ ಕಾಣುತ್ತದೆ. ಸಾಕ್ಷಿ ಹೇಳಲು ಬರುವವರು ಆ ಎಂಟು ಮಂದಿ. ಬಾಯಿ ನೇರವಾಗದೆ ಉಳಿದವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಆಸ್ಪತ್ರೆಯ ಕರಪತ್ರ ಬರೆಯುವವರು, ಅನುವಾದಿಸುವವರು ಹೊಸ ಸಂಸ್ಕೃತ ಪದ ಟಂಕಿಸಬೇಕಿಲ್ಲ. ‘ಮುಖದ ಲಕ್ವ’ ಎಂದರೆ ಸಾಕು, ಅಜ್ಜಿಗೂ ಅರ್ಥವಾಗುತ್ತದೆ. ಅದರ ಕೆಳಗೆ ಮೂರು ಸಾಲು: ಇವತ್ತೇ ವೈದ್ಯರಲ್ಲಿಗೆ ಹೋಗಿ, ಕೈಕಾಲೂ ಸೋತಿದ್ದರೆ, ಮಾತು ತಡವರಿಸಿದರೆ ಈ ಕ್ಷಣವೇ ದೊಡ್ಡಾಸ್ಪತ್ರೆಗೆ, ಮುಚ್ಚದ ಕಣ್ಣು ಒಣಗದಂತೆ ವೈದ್ಯರು ಕೊಟ್ಟ ಹನಿ ಹಾಕಿ.